ಕವಳದ ತಟ್ಟೆ ಅಟ್ಟ ಹತ್ತಿದ್ದು

ನಮ್ಮ ಮನೆಯಲ್ಲಿ ಸಿಗರೇಟು ಸೇದುತ್ತಿದ್ದವರು ನಮ್ಮವರು. ಬಯ್ಯುತ್ತಿದ್ದವಳು ನಾನು. ಬಯ್ಯುವಾಗ ನನ್ನ ಬಾಯಲ್ಲಿ ಕವಳ ಇರುತ್ತಿತ್ತು. ಹಾಗಾಗಿ ಅರ್ಧ ಬೈಗುಳವಾದ ಮೇಲೆ ಹಿತ್ತಿಲಿಗೆ ಹೋಗಿ ಬಾಳೆಯ ಬುಡಕ್ಕೆ ಉಗುಳಿ ಬಂದು ಇನ್ನರ್ಧವನ್ನು ಮುಂದುವರಿಸುತ್ತಿದ್ದೆ. ಇದರಲ್ಲಿ ನಗುವಂಥದ್ದು ಏನಾದರೂ ಇದೆಯೆಂದು ನನಗೆ ಬಹಳ ವರ್ಷ ಹೊಳೆಯಲೇ ಇಲ್ಲ.

ಸಾಗರ, ಸೊರಬ, ಸಿರಸಿಯ ಸೀಮೆಯಲ್ಲಿ ಎಲೆಯಡಿಕೆ ಹಾಕುವುದಕ್ಕೆ ಕವಳ ಹಾಕುವುದು ಅನ್ನುತ್ತೇವೆ. ಬೇರೆ ಕಡೆಯವರಿಗೆ ಅದೊಂದು ಚಟವಾಗಿ ಕಾಣಬಹುದು. ನಮಗೆ ಅದು ಮನೆಯ ಮರ್ಯಾದೆ. ಬಂದವರಿಗೆ ಮೊದಲು ನೀರು ಬೆಲ್ಲ, ಆಮೇಲೆ ಕವಳದ ತಟ್ಟೆ. ತಟ್ಟೆ ಮುಂದೆ ಬರಲಿಲ್ಲವೆಂದರೆ ಆ ಮನೆಯವರಿಗೆ ನಿಮ್ಮ ಮೇಲೆ ಏನೋ ಮುನಿಸಿದೆ ಎಂದೇ ಲೆಕ್ಕ. ಅದೂ ಅಲ್ಲದೆ ನಾನು ಅಡಿಕೆಯ ದುಡ್ಡಿನಲ್ಲೇ ಬೆಳೆದವಳು. ನನ್ನ ಶಾಲೆಯ ಫೀಸು, ಮದುವೆಯ ಬಳೆ, ಕೊನೆಗೆ ಅಪ್ಪನ ಆಸ್ಪತ್ರೆಯ ಬಿಲ್ಲು ಕೂಡ ಆ ಒಂದೂಕಾಲು ಎಕರೆ ತೋಟದಿಂದಲೇ ಬಂದದ್ದು. ಅಂಥ ಅಡಿಕೆಯನ್ನು ಬಾಯಿಗೆ ಹಾಕಿಕೊಳ್ಳುವುದರಲ್ಲಿ ತಪ್ಪು ಹುಡುಕುವುದು ಹೇಗೆ?

ನನಗೆ ಕವಳದ ದೀಕ್ಷೆಯಾದದ್ದು 1981ರಲ್ಲಿ, ಮಗಳ ಬಾಣಂತನದಲ್ಲಿ. ಬಾಣಂತಿ ಉಂಡ ಮೇಲೆ ವೀಳ್ಯದೆಲೆ ಮೆಲ್ಲಬೇಕು, ಜೀರ್ಣಕ್ಕೂ ಒಳ್ಳೆಯದು, ಹಾಲಿಗೂ ಒಳ್ಳೆಯದು ಎಂದು ಅಮ್ಮ ಎರಡು ಹೊತ್ತೂ ಮಡಿಸಿ ಕೊಡುತ್ತಿದ್ದಳು. ಹೊಗೆಸೊಪ್ಪು ಸೇರಿದ್ದು ಅದಾಗಿ ಮೂರು ವರ್ಷಕ್ಕೆ. ಮಗ ಹೊಟ್ಟೆಯಲ್ಲಿದ್ದಾಗ ದವಡೆ ಹಲ್ಲು ನೋವು ಬಂದು ನಾನು ರಾತ್ರಿಯಿಡೀ ಗೋಡೆಗೆ ಕೆನ್ನೆ ಒತ್ತಿಕೊಂಡು ಕೂತಿದ್ದೆ. ಅತ್ತೆ ತಮ್ಮ ಸಂಚಿ ಬಿಚ್ಚಿ ಉಗುರಿನಷ್ಟು ಎಸಳು ಹರಿದು, "ಹಲ್ಲಿನ ಸಂದಿಗೆ ಇಟ್ಕೊ, ನುಂಗಬೇಡ" ಅಂದರು. ಐದೇ ನಿಮಿಷಕ್ಕೆ ಸೊಕ್ಕಿ, ಬೆವರಿ, ಬಿಕ್ಕಳಿಸಿ, ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ. ಅತ್ತೆ ಮಜ್ಜಿಗೆ ಕುಡಿಸಿ ತಲೆ ನೇವರಿಸಿದರು. ಹಲ್ಲುನೋವು ಮಾತ್ರ ಆ ಹೊತ್ತಿಗೆ ನಿಜಕ್ಕೂ ಇಳಿದಿತ್ತು. ಆ ಮನೆಯಲ್ಲಿ ನನ್ನ ತಲೆಯನ್ನು ಯಾರಾದರೂ ನೇವರಿಸಿದ್ದು ಅದೇ ಮೊದಲು. ಆಮೇಲೆ ಮಧ್ಯಾಹ್ನ ಗಂಡಸರ ಊಟವೆಲ್ಲ ಮುಗಿದು ಅಡುಗೆಮನೆ ತೊಳೆದ ಮೇಲೆ ಅತ್ತೆ, ನಾನು ಹಿಂದಿನ ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದೆವು. ಅತ್ತೆ ಸೊಸೆಯರಾಗಿ ಆಡಲಾಗದ ಮಾತುಗಳೆಲ್ಲ ಅಲ್ಲಿ ಆಡಿ ಮುಗಿಯುತ್ತಿದ್ದವು. ಇಂಥದ್ದನ್ನು ಚಟವೆಂದು ಕರೆದರೆ ನನಗೆ ಈಗಲೂ ಸ್ವಲ್ಪ ಬೇಸರವೇ ಆಗುತ್ತದೆ.

ಇನ್ನು ಇವರ ಸಿಗರೇಟಿನ ಕಥೆ. 1997ರ ಮಳೆಗಾಲದಲ್ಲಿ ಇವರಿಗೆ ಕೆಮ್ಮು ಹಿಡಿದು ತಿಂಗಳಾದರೂ ಬಿಡದೆ, ಡಾಕ್ಟರು "ಸಿಗರೇಟು ಬಿಡದೆ ನನ್ನ ಹತ್ತಿರ ಬರಬೇಡಿ" ಎಂದು ಕಳಿಸಿದರು. ದಿನಕ್ಕೆ ಒಂದೂವರೆ ಪ್ಯಾಕು ಸೇದುತ್ತಿದ್ದವರು ಒಂದು ಸೋಮವಾರ ಬಿಟ್ಟರು. ನಾನು ಮಾಡಿದ ಸಹಾಯವನ್ನು ಕೇಳಿ. ಬೂದಿಬಟ್ಟಲನ್ನು ತೊಳೆದು ಅದರಲ್ಲಿ ತುಳಸಿ ಸಸಿ ನೆಟ್ಟೆ. ಬೀದಿಯ ಎಲ್ಲ ಮನೆಗಳಿಗೂ ಸುದ್ದಿ ಮುಟ್ಟಿಸಿದೆ. ಇವರು ಹೊರಗಿನಿಂದ ಬಂದರೆ ಅಂಗಿ ಮೂಸಿದೆ. ಮಕ್ಕಳ ಮುಂದೆ, "ಅಪ್ಪ ಎಷ್ಟು ದಿನ ಇರ್ತಾರೆ ನೋಡೋಣ" ಎಂದೆ. ಇವರಿಗೋ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ರೇಡಿಯೋ ಹಾಕಿದರೆ ಸಿಟ್ಟು, ಆರಿಸಿದರೆ ಸಿಟ್ಟು. ನಾಲ್ಕನೆಯ ದಿನ ಊಟಕ್ಕೆ ಕೂತಾಗ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆಯೆಂದು ತಟ್ಟೆ ಸರಿಸಿದರು. ನಾನು ಕವಳ ತುಂಬಿದ ಬಾಯಲ್ಲಿ ಅಂದೆ: "ನಿಮ್ಮ ಈ ಸಿಡುಕಿಗಿಂತ ಆ ಸಿಗರೇಟೇ ವಾಸಿ."

ಇವರು ಮಾತಾಡಲಿಲ್ಲ. ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಹೋದರು. ಹತ್ತು ನಿಮಿಷಕ್ಕೆ ಹಿಂದಿರುಗಿದಾಗ ಅಂಗಿ ಮೂಸುವ ಅಗತ್ಯವಿರಲಿಲ್ಲ.

ಎರಡು ವರ್ಷದ ಮೇಲೆ ಕಚೇರಿಯವರು ಇವರನ್ನು ಮೂರು ವಾರದ ತರಬೇತಿಗೆ ಧಾರವಾಡಕ್ಕೆ ಕಳಿಸಿದರು. ಬರುವಾಗ ಒಂದು ಪೊಟ್ಟಣ ಪೇಡೆ ತಂದಿದ್ದರು. ಅದನ್ನು ಕೈಗೆ ಕೊಡುತ್ತ, "ಸಿಗರೇಟು ಬಿಟ್ಟೆ. ಇವತ್ತಿಗೆ ಹತ್ತೊಂಬತ್ತು ದಿನ" ಅಂದರು. ಆಮೇಲೆ ಮುಟ್ಟಿದ್ದಿಲ್ಲ. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಮನೆಯಲ್ಲಿ ನನ್ನ ಕಣ್ಣೆದುರು ಬಿಡಲಾಗದ್ದನ್ನು ನನ್ನಿಂದ ದೂರ ಹೋಗಿ ಹೇಗೆ ಬಿಟ್ಟರು ಎಂಬ ಪ್ರಶ್ನೆ ಮಾತ್ರ ಏಳಲಿಲ್ಲ. ಅದು ಎದ್ದದ್ದು ಇಪ್ಪತ್ತು ವರ್ಷ ಕಳೆದ ಮೇಲೆ, ಏಣಿಯ ಮೇಲೆ ನಿಂತಿದ್ದಾಗ.

2019ರ ಜುಲೈ. ನಾವು ಶಿವಮೊಗ್ಗಕ್ಕೆ ಬಂದು ಮನೆ ಮಾಡಿ ಬಹಳ ಕಾಲವಾಗಿತ್ತು. ನನಗೆ ಅರವತ್ತೊಂದು. ಉಪ್ಪಿನಕಾಯಿ ತಾಗಿದರೆ ಎಡಗೆನ್ನೆಯ ಒಳಗೆ ಚುರುಗುಟ್ಟುತ್ತಿತ್ತು. ಹಲ್ಲು ಚೂಪಾಗಿ ತಾಗುತ್ತಿದೆಯೇನೋ ಎಂದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಮಗಳ ವಯಸ್ಸಿನ ಹುಡುಗಿ. ದೀಪ ಬಿಟ್ಟು ನೋಡಿದವಳು, "ಅಮ್ಮಾ, ತಂಬಾಕು ಹಾಕ್ತೀರಾ?" ಅಂದಳು.

"ಇಲ್ಲಮ್ಮ, ಬರೀ ಎಲೆಯಡಿಕೆ."

ನನ್ನ ಆಯುಷ್ಯದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಇಷ್ಟು ಬೇಗ ಸಿಕ್ಕಿಬಿದ್ದದ್ದು ಇನ್ನೊಂದಿಲ್ಲ. ಆಕೆ ಏನೂ ಅನ್ನದೆ ಕನ್ನಡಿ ಹಿಡಿದು ತೋರಿಸಿದಳು. ದಿನಾ ಎಸಳು ಇಡುತ್ತಿದ್ದ ಜಾಗದಲ್ಲೇ, ಹಾಲಿನ ಕೆನೆ ಒಣಗಿ ಅಂಟಿದ ಹಾಗೆ ಒಂದು ಬಿಳಿ ಮಚ್ಚೆ. ಉಜ್ಜಿದರೆ ಹೋಗುವಂಥದ್ದಲ್ಲ. ಇಂಥ ಮಚ್ಚೆಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್ ಆಗುತ್ತವೆ, ಹಲವು ಆಗುವುದಿಲ್ಲ, ತಂಬಾಕು ಬಿಟ್ಟರೆ ಎಷ್ಟೋ ಮಚ್ಚೆಗಳು ತಿಳಿಯಾಗುವುದೂ ಉಂಟು, ನಿಮ್ಮದು ಯಾವುದೆಂದು ಚೂರು ತೆಗೆದು ಪರೀಕ್ಷೆ ಮಾಡದೆ ಹೇಳಲಾಗದು ಅಂದಳು. ಎಲ್ಲವನ್ನೂ ಬಿಡಿಸಿ ಹೇಳುವ ಹುಡುಗಿ. ನನ್ನ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಲು ಹೇಳಿದಳು. ಹೋದವು. "ಅಷ್ಟು ಬಾಯಿ ತೆರೆದರೆ ಸರಿ. ಅಡಿಕೆ ಹೆಚ್ಚು ಜಗಿಯೋರಿಗೆ ಒಳಗಿನ ಚರ್ಮ ಬಿಗಿದುಕೊಂಡು ಬಾಯಿ ತೆರೆಯೋದೇ ಕಷ್ಟ ಆಗುತ್ತೆ" ಅಂದಳು.

"ಹೊಗೆಸೊಪ್ಪು ಬಿಡ್ತೀನಿ. ಎಲೆಯಡಿಕೆ ಹಾಕಬಹುದಲ್ಲ?"

"ಅಡಿಕೆಯೂ ಬೇಡಮ್ಮ."

ಕ್ಯಾನ್ಸರ್ ಎಂಬ ಶಬ್ದಕ್ಕಿಂತ ಈ ಮಾತೇ ನನಗೆ ಹೆಚ್ಚು ತಾಗಿತು ಎಂದರೆ ನೀವು ನಂಬಲಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರದ ಬರೀ ಅಡಿಕೆಯೂ ಕ್ಯಾನ್ಸರ್ ತರುವ ವಸ್ತು ಎಂದು ಹೇಳಿದೆಯಂತೆ. ಇದನ್ನು ಫೋನಿನಲ್ಲಿ ಹೇಳಿದ್ದಕ್ಕೆ ತೋಟ ನೋಡಿಕೊಳ್ಳುವ ನನ್ನ ಅಣ್ಣ ಎರಡು ತಿಂಗಳು ಮಾತು ಬಿಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪ ನೆಟ್ಟ ಮರದ ಬಗ್ಗೆ ಅಂಥ ಮಾತು ಕೇಳಿ ಸುಮ್ಮನಿರುವುದು ಸುಲಭವಲ್ಲ.

ಕೆನ್ನೆಯಿಂದ ಚೂರು ತೆಗೆದು, ಒಂದು ಹೊಲಿಗೆ ಹಾಕಿ, ಹತ್ತು ದಿನ ಬಿಟ್ಟು ಬನ್ನಿ ಎಂದಳು. ಮನೆಗೆ ಬಂದವಳೇ ಇವರಿಗೆ ಕವಳದ ತಟ್ಟೆಯನ್ನು ಅಟ್ಟಕ್ಕೆ ಹಾಕಲು ಹೇಳಿದೆ. ಹಿತ್ತಾಳೆಯ ತಟ್ಟೆ, ಸುಣ್ಣದ ಡಬ್ಬಿ, ಅತ್ತೆಯ ಕಾಲದ ಅಡಕತ್ತರಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಹೊಗೆಸೊಪ್ಪು. ಬಿಸಾಡಿ ಎನ್ನಲು ಬಾಯಿ ಬರಲಿಲ್ಲ. ಏಣಿ ಹತ್ತಲು ನನ್ನ ಮೊಣಕಾಲು ಬಿಡುವುದಿಲ್ಲ, ಆ ನೋವು ಒಮ್ಮೆಯಾದರೂ ಉಪಕಾರಕ್ಕೆ ಬರಲಿ ಎಂದುಕೊಂಡೆ.

ಮೊದಲನೆಯ ದಿನ ಹೊಲಿಗೆಯ ನೋವಿನಲ್ಲಿ ಕಳೆಯಿತು. ಎರಡನೆಯ ದಿನ ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟೆ, ಕೈ ತಾನಾಗಿ ಸೆರಗಿಗೆ ಹೋಯಿತು. ಎಲೆ ಒರೆಸುವುದು ಸೆರಗಿನಲ್ಲಲ್ಲವೇ. ಎಲೆ ಇಲ್ಲ. ಸೆರಗನ್ನೇ ಎರಡು ಸಲ ಒರೆಸಿ ಬಿಟ್ಟೆ. ಆಗ ಗೊತ್ತಾಯಿತು, ನನ್ನ ದಿನಕ್ಕೆ ಗಡಿಯಾರವಿದ್ದದ್ದು ಗೋಡೆಯ ಮೇಲಲ್ಲ. ಕಾಫಿಯಾಯಿತು, ಕವಳ. ದೋಸೆ ಎರೆದು ಮುಗಿಯಿತು, ಕವಳ. ಬಟ್ಟೆ ಒಣಹಾಕಿ ಬಂದೆ, ಊಟವಾಯಿತು, ಸಂಜೆ ದೀಪ ಹಚ್ಚಿದೆ, ರಾತ್ರಿ ಒಲೆ ಒರೆಸಿದೆ, ಕವಳ, ಕವಳ. ಎಲೆಗೆ ಸುಣ್ಣ ಹಚ್ಚಿದ ಮೇಲೆಯೇ ಹಿಂದಿನ ಕೆಲಸ ಮುಗಿದಂತೆ, ಮುಂದಿನದು ಇನ್ನೂ ಶುರುವಾಗದಂತೆ. ಹೆಂಗಸಿಗೆ ಯಾರನ್ನೂ ಕೇಳದೆ ಸಿಗುವ ಹತ್ತು ನಿಮಿಷ ಅದು. ಅದಿಲ್ಲದೆ ನನ್ನ ಕೆಲಸಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಬೆಳಗಿನಿಂದ ರಾತ್ರಿವರೆಗೆ ಒಂದೇ ಕೆಲಸ ಮಾಡುತ್ತಿದ್ದೇನೆ ಅನ್ನಿಸತೊಡಗಿತು.

ಮೈಯೂ ಸುಮ್ಮನಿರಲಿಲ್ಲ. ತಲೆ ಭಾರ. ಹೊಟ್ಟೆ ಎರಡು ದಿನದಿಂದ ಹೋಗಿರಲಿಲ್ಲ (ಕವಳ ಹಾಕುವವರಿಗೆ ಈ ಮಾತಿನ ಮರ್ಮ ಗೊತ್ತು). ನಾಲಿಗೆ ಹೊಲಿಗೆಯ ಜಾಗವನ್ನು ಹುಡುಕಿ ಹುಡುಕಿ ಹೋಗುವುದು. ಹಸಿವೋ ಹಸಿವು, ಕೆನ್ನೆ ನೋವಿಗೆ ಚಕ್ಕುಲಿ ತಿನ್ನಲಾಗದೆ ಅದನ್ನು ಹಾಲಿನಲ್ಲಿ ನೆನೆಸಿ ತಿಂದೆ. ರಾತ್ರಿ ಹನ್ನೆರಡಕ್ಕೆ ಎಚ್ಚರವಾದರೆ ಮೂರರವರೆಗೆ ಹಂಚಿನ ಮೇಲಿನ ಮಳೆಯ ಸದ್ದು ಕೇಳುತ್ತ ಬಿದ್ದಿರುವುದು. ಹಾಲಿನವನು ಚಿಲ್ಲರೆ ಇಲ್ಲವೆಂದದ್ದಕ್ಕೆ ಅವನ ಅಪ್ಪನವರೆಗೂ ಹೋದೆ. ಮೈಸೂರಿನಿಂದ ಮಗಳು ದಿನಕ್ಕೆರಡು ಸಲ ಫೋನು ಮಾಡಿ, "ಅಮ್ಮಾ, ಇದು ನಿಕೋಟಿನ್. ಅಪ್ಪನ ಸಿಗರೇಟಿನಲ್ಲಿದ್ದದ್ದೂ ಅದೇ, ನಿನ್ನ ಸೊಪ್ಪಿನಲ್ಲಿದ್ದದ್ದೂ ಅದೇ. ಎರಡು ಮೂರನೇ ದಿನ ಜೋರು, ಆಮೇಲೆ ಇಳಿಯುತ್ತೆ. ಎರಡು ಮೂರು ವಾರ ತಡ್ಕೊ" ಎನ್ನುವಳು. 1800-11-2356 ಎಂದು ತಂಬಾಕಿನ ಪೊಟ್ಟಣಗಳ ಮೇಲೆ ಅಚ್ಚು ಹಾಕಿರುವ ನಂಬರನ್ನೂ ಬರೆದುಕೊಳ್ಳಲು ಹೇಳಿದಳು. ಬಿಡಬೇಕೆನ್ನುವವರು ದುಡ್ಡಿಲ್ಲದೆ ಮಾತಾಡಬಹುದಂತೆ. ನಾನು ಕೊಳ್ಳುತ್ತಿದ್ದದ್ದು ಸಂತೆಯ ಬಿಡಿ ಸೊಪ್ಪು, ಅದಕ್ಕೆ ಪೊಟ್ಟಣವೂ ಇಲ್ಲ, ಅಚ್ಚೂ ಇಲ್ಲ. ಬರೆದು ಕ್ಯಾಲೆಂಡರಿಗೆ ಸಿಕ್ಕಿಸಿದೆ.

ಅದೇ ನಿಕೋಟಿನ್. ಇದನ್ನು ನಾನು ಎಂದೂ ಯೋಚಿಸಿದವಳಲ್ಲ. ಸಿಗರೇಟು ಗಂಡಸರ ಚಟ, ಹೊಗೆಸೊಪ್ಪು ಹಲ್ಲಿನ ಔಷಧ ಎಂದು ಮನಸ್ಸಿನಲ್ಲಿ ಎರಡು ಕಪಾಟು ಮಾಡಿಟ್ಟಿದ್ದೆ. ನಾನೊಬ್ಬಳೇ ಅಲ್ಲ. 2016-17ರಲ್ಲಿ ಸರ್ಕಾರ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ, ನೂರು ಮಂದಿ ಹೆಂಗಸರಲ್ಲಿ ಸೇದುವವರು ಇಬ್ಬರು, ಜಗಿದೋ ಉಜ್ಜಿಯೋ ತಂಬಾಕು ಬಳಸುವವರು ಹದಿಮೂರು ಮಂದಿಯ ಹತ್ತಿರ. ಹೊಗೆ ಬಾರದ್ದರಿಂದ ಈ ಹದಿಮೂರು ಮಂದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅತ್ತೆಯಂತೂ ಹೊಗೆಸೊಪ್ಪು ಪುರಾಣಕಾಲದ್ದೆಂದೇ ತಿಳಿದಿದ್ದರು. ಅದು ಪೋರ್ಚುಗೀಸರ ಹಡಗಿನಲ್ಲಿ ಬಂದ ಅಮೆರಿಕದ ಗಿಡ. ನಮ್ಮ ಬಿಜಾಪುರದಿಂದಲೇ ಅಸದ್ ಬೇಗ್ ಎಂಬವನು ಅದನ್ನು ಅಕ್ಬರನ ಆಸ್ಥಾನಕ್ಕೆ ಒಯ್ದನಂತೆ. ಬಾದಶಹ ಒಂದೆರಡು ಬಾರಿ ಎಳೆದದ್ದೇ ತಡ, ವೈದ್ಯ ಬೇಡವೆಂದು ತಡೆದನಂತೆ. ನಾನೂರು ವರ್ಷದ ಹಿಂದೆಯೇ ಈ ಜಗಳ ಇತ್ತು ಎಂದಾಯಿತು.

ಮೂರನೆಯ ದಿನ ಮಧ್ಯಾಹ್ನ. ಊಟವಾಗಿತ್ತು. ಇವರು ಒಳಗೆ ಮಲಗಿದ್ದರು. ಜಡಿಮಳೆ, ಕರೆಂಟು ಇಲ್ಲ, ಮನೆಯೆಲ್ಲ ಮಬ್ಬು. ಇಂಥ ಮಳೆಯಲ್ಲಿ ಬಾಯಲ್ಲೊಂದು ಕವಳವಿದ್ದರೆ ಕಂಬಳಿ ಹೊದ್ದಂತೆ. ನಾನು ಏನೂ ತೀರ್ಮಾನ ಮಾಡಲಿಲ್ಲ. ಮಾಡಿದ್ದು ಕೈಕಾಲು. ಹಿತ್ತಿಲ ಕೋಣೆಯಿಂದ ಏಣಿ ತಂದೆ, ಅಟ್ಟದ ಬಾಯಿಗೆ ಒರಗಿಸಿದೆ, ಸೀರೆ ಎತ್ತಿ ಕಟ್ಟಿದೆ, ಎರಡು ಮೆಟ್ಟಿಲು ಹತ್ತಿದೆ. ಮೊಣಕಾಲು ಕಟಕ್ಕೆಂದಿತು. ಹಿಂದೆ ಬಾಗಿಲ ಸದ್ದಾಯಿತು.

ತಿರುಗಿ ನೋಡಲು ನಾಚಿಕೆ. ಅರವತ್ತೊಂದು ವರ್ಷದ ಹೆಂಗಸು, ಬೆಲ್ಲದ ಡಬ್ಬಿಗೆ ಕೈ ಹಾಕಿದ ಮಗುವಿನಂತೆ ಏಣಿಯ ಮೇಲೆ. ಇವರು ಈಗ ಏನಾದರೂ ಅಂದರೆ ತಕ್ಕ ಉತ್ತರ ಕೊಡಬೇಕೆಂದು ಬಾಯಿಗೆ ಮಾತು ಬಂದಾಗಿತ್ತು. ಇವರು ಬಂದು ಏಣಿಯ ಎರಡೂ ಕಾಲು ಗಟ್ಟಿಯಾಗಿ ಹಿಡಿದುಕೊಂಡರು.

"ಬಿದ್ದು ಸೊಂಟ ಮುರ್ಕೊಬೇಡ. ಹತ್ತೋದಾದ್ರೆ ಹತ್ತು, ನಾನು ಹಿಡ್ಕೊಂಡಿರ್ತೀನಿ. ಆದ್ರೆ ಐದು ನಿಮಿಷ ಬಿಟ್ಟು ಹತ್ತು."

"ಐದು ನಿಮಿಷ ಯಾಕೆ?"

"ಅದು ಬರೋದು ಐದು ನಿಮಿಷಕ್ಕೆ. ಜಡಿ ಹೊಡೆದ ಹಾಗೆ ಬರ್ತದೆ, ಹೋಗ್ತದೆ. ಆಮೇಲೆ ಇನ್ನೊಂದು ಬರ್ತದೆ ಅನ್ನು. ಅದಕ್ಕೆ ಇನ್ನೈದು ನಿಮಿಷ."

ಗೋಡೆಯ ಗಡಿಯಾರದಲ್ಲಿ ಎರಡು ಹದಿನೆಂಟಾಗಿತ್ತು. ನಾನು ಎರಡನೆಯ ಮೆಟ್ಟಿಲಿನಲ್ಲೇ ನಿಂತೆ. ಇವರು ಕೆಳಗೆ ಹಿಡಿದು ನಿಂತರು. ಇಬ್ಬರೂ ಮಾತಾಡಲಿಲ್ಲ. ಬಾಯಲ್ಲಿ ನೀರು ತುಂಬಿ ಬರುತ್ತಿತ್ತು, ನುಂಗುತ್ತಿದ್ದೆ. ಎದೆ ಡವಗುಟ್ಟುತ್ತಿತ್ತು. ಗಡಿಯಾರದ ಮುಳ್ಳು ಅಷ್ಟು ನಿಧಾನ ಹೋಗಬಲ್ಲದೆಂದು ಹೆರಿಗೆಯ ನೋವಿನಲ್ಲಿ ಒಮ್ಮೆ ನೋಡಿದ್ದೆ, ಅದು ಬಿಟ್ಟರೆ ಅವತ್ತೇ. ಎರಡು ಇಪ್ಪತ್ತೆರಡಕ್ಕೆ ಕಾಲು ನೋಯುತ್ತಿದೆ ಎಂಬುದು ಗೊತ್ತಾಯಿತು. ಅಷ್ಟು ಹೊತ್ತು ಅದೂ ಗೊತ್ತಾಗಿರಲಿಲ್ಲ. ಇಳಿದೆ.

ಇವರು ಏಣಿ ಒಳಗಿಟ್ಟು ಬಂದು ಕಷಾಯ ಮಾಡಿದರು. ಮದುವೆಯಾಗಿ ನಲವತ್ತು ವರ್ಷದಲ್ಲಿ ಇವರು ಮಾಡಿದ ಎಷ್ಟನೆಯ ಕಷಾಯವೋ, ಮೂರನೆಯದಿರಬಹುದು. ಬೆಲ್ಲ ಕಮ್ಮಿ, ಮೆಣಸು ಜಾಸ್ತಿ. ಕೆನ್ನೆ ಉರಿಯಿತು. ನಾನು ಚೆನ್ನಾಗಿದೆ ಎಂದೆ. ಆಗ ಆ ಪ್ರಶ್ನೆ ಎದ್ದಿತು.

"ಧಾರವಾಡದಲ್ಲಿ ನಿಮ್ಮ ಏಣಿ ಹಿಡಿದವರು ಯಾರು?"

"ಯಾರೂ ಇಲ್ಲ. ರಾತ್ರಿ ಎಂಟಕ್ಕೆ ಊಟ ಮುಗಿಸಿ ಕರ್ನಾಟಕ ಕಾಲೇಜಿನ ಕಡೆ ನಡೀತಿದ್ದೆ. ನಡೆದು ನಡೆದು ಚಪ್ಪಲಿ ಹರಿದುಹೋಯ್ತು."

"ಇಲ್ಲೇ ಬಿಡಬಹುದಿತ್ತಲ್ಲ?"

ಇವರು ಕಷಾಯದ ಲೋಟ ನೋಡುತ್ತ, "ಇಲ್ಲಿ ನೀನು ನೋಡ್ತಾ ಇರ್ತಿದ್ದೆ" ಅಂದರು. ಸ್ವಲ್ಪ ತಡೆದು, "ಸೋತರೆ ಹೇಳೋದಕ್ಕೆ ನಾಚಿಕೆ" ಅಂದರು.

ನಾನು ಪಲ್ಯದ ದಿನದ ಮಾತು ತೆಗೆದೆ. ಹಾಗೆ ಅನ್ನಬಾರದಿತ್ತು ಎಂದು ಹೇಳಲು ಹೊರಟೆ, ಗಂಟಲು ಕಟ್ಟಿತು. ಇವರು, "ಯಾವ ಪಲ್ಯ?" ಅಂದರು. ಆಮೇಲೆ, "ಹೂಂ, ಬೀನ್ಸು. ಉಪ್ಪು ಜಾಸ್ತಿ ಆಗಿದ್ದು ನಿಜ" ಎಂದು ಲೋಟ ತೊಳೆಯಲು ಎದ್ದರು. ಮರೆತವರಿಗೆ ತರಕಾರಿಯ ಹೆಸರು ನೆನಪಿರುತ್ತದೆಯೇ?

ನಾಲ್ಕು, ಐದು, ಆರನೆಯ ದಿನಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಏಲಕ್ಕಿ, ಸೋಂಪು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಜಡಿ ಬಂದಾಗಲೆಲ್ಲ ಗಡಿಯಾರ ನೋಡಿದೆ. ದಿನಕ್ಕೆ ಇಪ್ಪತ್ತು ಸಲ ಬರುತ್ತಿದ್ದದ್ದು ಹತ್ತಕ್ಕಿಳಿಯಿತು. ಏಳನೆಯ ದಿನ ಸಾರಿನ ಒಗ್ಗರಣೆಯ ಪರಿಮಳ ಮೂಗಿಗೆ ಹೊಸದಾಗಿ ಬಡಿಯಿತು. ಹೊಟ್ಟೆಯೂ ಸರಿಯಾಯಿತು. ವರದಿಯ ಯೋಚನೆ ಮಾತ್ರ ಹಗಲು ಹೊತ್ತಿನಲ್ಲಿ ಸುಮ್ಮನಿದ್ದು, ರಾತ್ರಿ ದೀಪ ಆರಿಸಿದ ಕೂಡಲೇ ಪಕ್ಕದಲ್ಲಿ ಬಂದು ಮಲಗುತ್ತಿತ್ತು.

ಒಂಬತ್ತನೆಯ ದಿನ ಊರಿನಲ್ಲಿ ನಾಮಕರಣ. ಮೈದುನನ ಮಗಳು ಬಾಣಂತನಕ್ಕೆ ಬಂದಿದ್ದಳು. ಹೋಗದೆ ಇರುವಂತಿರಲಿಲ್ಲ. ಊಟವಾದ ಮೇಲೆ ಹಿಂದಿನ ಜಗಲಿಯಲ್ಲಿ ಹೆಂಗಸರೆಲ್ಲ ಕೂತರು. ಅದೇ ಜಗಲಿ, ಮಳೆನೀರು ಬೀಳುವ ಅದೇ ಹಂಚಿನ ಅಂಚು; ಅತ್ತೆಯ ಫೋಟೋ ಬಾಗಿಲ ಮೇಲೆ. ತಟ್ಟೆ ಬಂತು. ಎಳೆ ಎಲೆ, ಹೊಸ ಸುಣ್ಣ, ಸಣ್ಣಗೆ ಕತ್ತರಿಸಿದ ಅಡಿಕೆ. ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಂದದ್ದೇ ನನ್ನ ಒಂಬತ್ತು ದಿನವೂ ಕುಸಿದಂತಾಯಿತು. ತಟ್ಟೆಯನ್ನು ಮುಂದಕ್ಕೆ ದಾಟಿಸಿದೆ.

"ಇದೆಂಥ ಹೊಸತು?" ಅಂದರು ಒಬ್ಬರು. "ಪೇಟೆ ಸೇರಿದ ಮೇಲೆ ಕವಳವೂ ಬ್ಯಾಡ್ದಾ?" ಇನ್ನೊಬ್ಬರು. "ಸೊಪ್ಪು ಬಿಟ್ಟು ಬರೀ ಎಲೆಯಡಿಕೆ ಹಾಕಿ, ಅದರಲ್ಲೆಂಥ ಆಗ್ತು" ಎಂದು ಮತ್ತೊಬ್ಬರು ಮಡಿಸಿಯೇ ಕೈಗೆ ಕೊಟ್ಟರು. ನಾನು ಬಾಯಲ್ಲಿ ಗಾಯ ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ವರದಿಯ ವಿಷಯ ಹೇಳಿ ಮಗುವಿನ ಹೆಸರಿಡುವ ದಿನ ಕ್ಯಾನ್ಸರಿನ ಮಾತೆತ್ತುವುದು ಹೇಗೆ?

ಅಷ್ಟರಲ್ಲಿ ವಾರಗಿತ್ತಿ ಒಂದು ಕವಳ ಮಡಿಸಿ, ಒಳಕೋಣೆಯಲ್ಲಿದ್ದ ಬಾಣಂತಿಗೆ ಕೊಡಲು ಎದ್ದಳು. ಇಪ್ಪತ್ತನಾಲ್ಕರ ಹುಡುಗಿ. ಅವಳ ಹಿಂದೆಯೇ ನಾನೂ ಹೋದೆ. "ಅವಳಿಗೆ ಬರೀ ಎಲೆ ಕೊಡು ಮಾರಾಯ್ತಿ, ಅಡಿಕೆ ತೆಗಿ" ಅಂದೆ. ನನ್ನ ದನಿ ನಡುಗಿತೋ ಏನೋ, ವಾರಗಿತ್ತಿ ನನ್ನ ಮುಖ ನೋಡಿ, ಕೈಲಿದ್ದ ಕವಳ ಬಿಚ್ಚಿ ಅಡಿಕೆ ಕೆಳಗೆ ಹಾಕಿ ಎಲೆ ಮಾತ್ರ ಕೊಟ್ಟಳು. ಆಮೇಲೆ ನನ್ನನ್ನು ಬಚ್ಚಲ ಕಡೆ ಕರೆದೊಯ್ದಳು.

"ಅಕ್ಕಾ, ನಿನ್ನ ಗಾಯ ಎಂಥದ್ದು? ನಿಜ ಹೇಳು."

ಹೇಳಿದೆ.

ಅವಳು ಸ್ವಲ್ಪ ಹೊತ್ತು ಬಚ್ಚಲ ಉರಿಯನ್ನು ಒಳಗೆ ತಳ್ಳುತ್ತ ಕೂತಿದ್ದಳು. "ನನಗೆ ಎರಡು ವರ್ಷದಿಂದ ಸಾರು ಅನ್ನ ಉಂಡರೂ ಬಾಯಿ ಉರಿ. ಮಜ್ಜಿಗೆ ಅನ್ನವೇ ಉಂಬೋದು. ಇವರಿಗೆ ಹೇಳಿಲ್ಲ. ಹೇಳಿದರೆ ಕವಳ ಬಿಡು ಅಂತಾರೆ" ಅಂದಳು.

"ಮೂರು ಬೆರಳು ಹೀಗಿಟ್ಟು ಬಾಯೊಳಗೆ ಹಾಕು" ಅಂದೆ.

ಹಾಕಲು ನೋಡಿದಳು. ಎರಡು ಹೋದವು. ಮೂರನೆಯದು ಹೋಗಲಿಲ್ಲ. ಬೆರಳು ತೆಗೆದು, ಇನ್ನೊಮ್ಮೆ ಪ್ರಯತ್ನಿಸಿದಳು. ಒಲೆಯ ಬೆಳಕಿನಲ್ಲಿ ಅವಳ ಕಣ್ಣಲ್ಲಿ ಏನಿತ್ತೆಂದು ನಾನು ಬರೆಯಲಾರೆ. "ಬಿಡು ಅಂತ ನಾನು ಅನ್ನೋದಿಲ್ಲ. ನಾಳೆ ಬೆಳಿಗ್ಗೆ ನನ್ನ ಜೊತೆ ಬಸ್ಸಿಗೆ ಬಾ. ನನಗೂ ನಾಳೆಯೇ ವರದಿ. ಒಬ್ಬಳೇ ಹೋಗೋದಕ್ಕೆ ಹೆದರಿಕೆ" ಅಂದೆ. ಅದು ಪೂರ್ತಿ ನಿಜ.

ಬೆಳಿಗ್ಗೆ ಬಾಣಂತಿಗೂ ಮಗುವಿಗೂ ನೀರು ಹಾಕಿ, ಆರೂವರೆಯ ಬಸ್ಸಿಗೆ ಹೊರಟೆವು. ಇವರು ಮುಂದಿನ ಸೀಟಿನಲ್ಲಿ ಕೂತು ಹಿಂತಿರುಗಿ ನೋಡಲಿಲ್ಲ. ಆನಂದಪುರ ದಾಟುವಾಗ ಅವಳ ಕೈ ಸೊಂಟದ ಸಂಚಿಗೆ ಹೋಯಿತು. ನಾನು ಸೆರಗಿನ ಗಂಟು ಬಿಚ್ಚಿ ಏಲಕ್ಕಿ ಕೊಟ್ಟೆ. "ಐದು ನಿಮಿಷ" ಎಂದೆ. ಅವಳ ಹತ್ತಿರ ಗಡಿಯಾರ ಇರಲಿಲ್ಲ, ರಸ್ತೆಯ ಬದಿಯ ಕಿಲೋಮೀಟರ್ ಕಲ್ಲು ಎಣಿಸಿದಳು.

ನನ್ನ ವರದಿ ಕ್ಯಾನ್ಸರ್ ಅಲ್ಲವೆಂದು ಬಂದಿತ್ತು. ಮೂರು ಮೂರು ತಿಂಗಳಿಗೆ ಬಂದು ತೋರಿಸಬೇಕು, ಮತ್ತೆ ಎಸಳಿಟ್ಟರೆ ನಾನು ಜವಾಬ್ದಾರಳಲ್ಲ ಎಂದಳು ಡಾಕ್ಟರು. ವಾರಗಿತ್ತಿಯನ್ನು ನೋಡುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಒಳಗೆ ಚರ್ಮ ಬಿಗಿದಿದೆ. ಆದದ್ದನ್ನು ಪೂರ್ತಿ ಹಿಂದೆ ತರಲಾಗದು, ಅಡಿಕೆ ಬಿಟ್ಟು ದಿನಾ ಬಾಯಿಯ ವ್ಯಾಯಾಮ ಮಾಡಿದರೆ ಇನ್ನೂ ಬಿಗಿಯದಂತೆ ನೋಡಿಕೊಳ್ಳಬಹುದು, ಸ್ವಲ್ಪ ಸಡಿಲವೂ ಆದೀತು. ವ್ಯಾಯಾಮವೆಂದರೆ ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಹಿಡಿಯುವುದು, ವಾರಕ್ಕೋ ಹದಿನೈದು ದಿನಕ್ಕೋ ಒಂದೊಂದು ಕಡ್ಡಿ ಹೆಚ್ಚಿಸುವುದು. ಹಿಂದಿರುಗುವಾಗ ಇವರು ನೆಹರು ರಸ್ತೆಯ ಒಂದು ಅಂಗಡಿಯಲ್ಲಿ ಐಸ್‌ಕ್ರೀಮಿನ ಕಡ್ಡಿ ಕೊಡಿ ಎಂದು ಕೇಳಿದರು. ಅಂಗಡಿಯವನು ಐಸ್‌ಕ್ರೀಮು ಬೇಡವೇ ಎಂದ. ಮೂವರೂ ಒಂದೊಂದು ತಿಂದೆವು.

ಅವಳು ಎರಡು ಸಲ ಸೋತಳು. ಒಮ್ಮೆ ದೀಪಾವಳಿಗೆ, ಒಮ್ಮೆ ಅಡಿಕೆ ಸುಲಿಯುವ ಕಾಲದಲ್ಲಿ. ಸುತ್ತಮುತ್ತ ಎಲ್ಲರೂ ಬಾಯಾಡಿಸುವಾಗ ಒಬ್ಬಳೇ ಸುಮ್ಮನಿರುವುದು ಹೇಗೆ. ಎರಡೂ ಸಲ ತಾನಾಗಿ ಫೋನು ಮಾಡಿ ಹೇಳಿದಳು. ಎರಡೂ ಸಲ ನಾನು, "ಆಯ್ತು, ನಾಳೆಯಿಂದ" ಎಂದಷ್ಟೇ ಅಂದೆ. ನನ್ನ ನಾಲಿಗೆಗೆ ಅದು ಎಷ್ಟು ಕಷ್ಟವೆಂದು ನಮ್ಮವರಿಗೆ ಮಾತ್ರ ಗೊತ್ತು. ಫೋನಿಡುವವರೆಗೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೂರನೆಯ ಸಲ ಅವಳ ಫೋನು ಬಂದದ್ದು ಚಳಿ ಕಳೆದ ಮೇಲೆ, ಒಂದು ಸಂಜೆ.

"ಅಕ್ಕಾ, ಇವತ್ತು ಇನ್ನೊಂದು ಕಡ್ಡಿ ಹಿಡೀತು."